ಆಟದ ಮನೆಯ ಇತಿಹಾಸ

ಕೆಲಸದಿಂದ ನಿವೃತ್ತನಾದ ಮನುಷ್ಯನಿಗೆ ಉಪದೇಶಕ್ಕೆ ಬರಗಾಲವಿಲ್ಲ. ನಾನು ಹೈಸ್ಕೂಲಿನ ಇತಿಹಾಸದ ಮಾಸ್ತರಿಕೆಯನ್ನು ಮುಗಿಸಿ ಅಮದಳ್ಳಿಯ ಮನೆಗೆ ಬಂದು ಕುಳಿತ ವಾರದಲ್ಲಿಯೇ, ಭಾಗವತ ಓದಿರಿ ಎಂದವರು ಒಬ್ಬರು, ನಾಲ್ಕು ತೆಂಗಿನ ಸಸಿ ನೆಡಿರಿ ಎಂದವರು ಇನ್ನೊಬ್ಬರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಮಗಳು ಮಾತ್ರ ಉಪದೇಶದ ಗೋಜಿಗೆ ಹೋಗದೆ, ತನ್ನ ಹಳೆಯ ಕಂಪ್ಯೂಟರನ್ನು ನನ್ನ ಮೇಜಿನ ಮೇಲಿಟ್ಟು, ಅದರಲ್ಲಿ ಒಂದು ಆಟವನ್ನು ತುಂಬಿಸಿ, "ಅಪ್ಪಾ, ಇದರಲ್ಲಿ ಸೋಲು ಗೆಲುವು ಇಲ್ಲ, ಬದುಕುವುದಷ್ಟೆ" ಎಂದು ಹೇಳಿ ಹೊರಟುಹೋದಳು. ಸೋಲು ಗೆಲುವು ಇಲ್ಲದ ಬದುಕು ಎಲ್ಲಿಯಾದರೂ ಉಂಟೆ ಎಂಬ ಕುತೂಹಲದಿಂದಲೇ ನಾನು ಅದರ ಮುಂದೆ ಕುಳಿತೆ ಎಂದರೆ ತಪ್ಪಾಗದು.

ಆ ಆಟದ ಹೆಸರು 'ದಿ ಸಿಮ್ಸ್'. ಅದು ಮೊದಲು ಹೊರಬಂದದ್ದು 2000ನೆಯ ಇಸವಿಯ ಫೆಬ್ರುವರಿಯಲ್ಲಿ. ಈಗ ನಡೆಯುತ್ತಿರುವುದು ಅದರ ನಾಲ್ಕನೆಯ ಅವತಾರ. ಇದನ್ನು ಕಲ್ಪಿಸಿದ ವಿಲ್ ರೈಟ್ ಎಂಬ ಅಮೆರಿಕನ್ನನ ಮನೆ 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಬೆಟ್ಟಗಳಲ್ಲಿ ಹಬ್ಬಿದ ಕಾಳ್ಗಿಚ್ಚಿಗೆ ಸಿಕ್ಕಿ ಬೂದಿಯಾಯಿತು. ಸುಟ್ಟ ಮನೆಯ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೂಡಿಸಿಕೊಳ್ಳುವಾಗ, ಮನುಷ್ಯನಿಗೆ ನಿಜವಾಗಿ ಬೇಕಾದದ್ದೇನು ಎಂದು ಯೋಚಿಸುತ್ತ ಆತನಿಗೆ ಈ ಆಟದ ಎಳೆ ಸಿಕ್ಕಿತಂತೆ. ಮನೆ ಕಳೆದುಕೊಂಡವನ ತಲೆಯಲ್ಲಿ ಹುಟ್ಟಿದ ಆಟ ಇದು ಎಂಬ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಆಟದ ರೀತಿ ಸರಳವಾದದ್ದು. ಒಂದು ತುಂಡು ನೆಲ ಕೊಡುತ್ತಾರೆ. ಅದರಲ್ಲಿ ನಾವು ಗೋಡೆ ಎಬ್ಬಿಸಿ, ಮಾಡು ಹೊದಿಸಿ, ಬೊಂಬೆಗಳಂತಹ ನಾಲ್ಕಾರು ಜನರನ್ನು ತಂದು ಇರಿಸಬೇಕು. ಆ ಜನಕ್ಕೆ ಹಸಿವು, ನಿದ್ರೆ, ಶೌಚ, ಸ್ನಾನ, ವಿನೋದ, ಸಹವಾಸ ಎಂದು ಆರು ಅಗತ್ಯಗಳು. ಒಂದೊಂದಕ್ಕೂ ಒಂದು ಪಟ್ಟಿ. ಪಟ್ಟಿ ಹಸಿರಾಗಿದ್ದರೆ ಸುಖ, ಕೆಂಪಾದರೆ ಸಂಕಟ. ನಮ್ಮ ಒಂದು ಸೆಕೆಂಡು ಅವರಿಗೆ ಒಂದು ನಿಮಿಷ. ನಾವು ಒಂದು ಲೋಟ ಚಹಾ ಕುಡಿದು ಪತ್ರಿಕೆಯ ಮೊದಲ ಪುಟ ಓದುವಷ್ಟರಲ್ಲಿ, ಅಂದರೆ ಇಪ್ಪತ್ತನಾಲ್ಕು ನಿಮಿಷಗಳಲ್ಲಿ, ಅವರ ಒಂದು ಹಗಲು ಒಂದು ಇರುಳು ಕಳೆದುಹೋಗಿರುತ್ತದೆ. ಬ್ರಹ್ಮದೇವನ ದಿನಮಾನದ ಲೆಕ್ಕ ಕೇಳಿದ ನಮಗೆ ಇದೇನೂ ಹೊಸ ಕಲ್ಪನೆಯಲ್ಲ. ಆದರೆ ಬ್ರಹ್ಮನ ಪೀಠದಲ್ಲಿ ತಾನೇ ಕುಳಿತು ನೋಡುವುದು ಬೇರೆ ಅನುಭವ.

ಎರಡು ದಿನ ಆಡುವಷ್ಟರಲ್ಲಿ ನನಗೆ ಬೇಸರ ಬಂತು. ಆ ಗಾಜಿನ ಮನೆಗಳು, ಆ ಶೀತಕಪಾಟುಗಳು, ಆ ಸೋಫಾಗಳು ನನ್ನವಲ್ಲ. ಮಗಳಿಗೆ ಫೋನಿನಲ್ಲಿ ದೂರಿದಾಗ ಆಕೆ ಹೊಸದೊಂದು ಸುದ್ದಿ ಹೇಳಿದಳು. ಈ ಆಟವಾಡುವವರಲ್ಲಿ ಇತಿಹಾಸದ ಹುಚ್ಚು ಹಿಡಿದವರ ಒಂದು ಪಂಗಡವೇ ಉಂಟಂತೆ. ಅವರು ತಮ್ಮ ಬೊಂಬೆಗಳ ಸಂಸಾರವನ್ನು ಹಿಂದಿನ ಯಾವುದೋ ಒಂದು ದಶಕದಲ್ಲಿ ಇಳಿಸಿ, ಆ ಕಾಲದಲ್ಲಿ ಇಲ್ಲದ ವಸ್ತು ಒಂದನ್ನೂ ಮುಟ್ಟದೆ, ದಶಕದಿಂದ ದಶಕಕ್ಕೆ ನಿಯಮ ಬದಲಿಸುತ್ತ ತಲೆಮಾರುಗಳನ್ನು ಬೆಳೆಸುತ್ತಾರೆ. ಇದಕ್ಕೆ 'ದಶಕಗಳ ಪಂಥ' ಎಂದು ಹೆಸರು. ವಿದ್ಯುತ್ ಬರುವ ಮೊದಲಿನ ಕಾಲವಾದರೆ ದೀಪ ಹಾಕುವಂತಿಲ್ಲ. ನಳ ಬರುವ ಮೊದಲಾದರೆ ನಳ ತಿರುಗಿಸುವಂತಿಲ್ಲ. ಇದನ್ನು ಕೇಳಿದೊಡನೆ ನನ್ನೊಳಗಿನ ಮಾಸ್ತರ ಎದ್ದು ಕುಳಿತ. ಮೂವತ್ತು ವರ್ಷ ಪಾಣಿಪತ್ತಿನ ಯುದ್ಧಗಳ ಇಸವಿ ಹೇಳಿಕೊಟ್ಟ ಮೇಲೆ, ನನ್ನ ಸ್ವಂತ ಮನೆಯ ಒಂದು ಇಸವಿಯನ್ನಾದರೂ ತಪ್ಪಿಲ್ಲದೆ ಕಟ್ಟಿ ನೋಡಬಾರದೇಕೆ ಎನಿಸಿತು.

ಯಾವ ಮನೆ ಎಂಬ ಪ್ರಶ್ನೆಯೇ ಏಳಲಿಲ್ಲ. ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟರೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು ದಾಟಿದ ಮೇಲೆ ನಮ್ಮ ಅಮದಳ್ಳಿ. ಇವುಗಳಲ್ಲಿ ಅರಗಾ ನನ್ನ ತಾಯಿಯ ತವರು. ಒಂದು ಬದಿಗೆ ಗುಡ್ಡ, ಒಂದು ಬದಿಗೆ ಕಡಲು, ನಡುವೆ ಸೆರಗಿನಂತಹ ಒಂದು ಗದ್ದೆಯ ಪಟ್ಟಿ. ಅದರ ಅಂಚಿಗೆ ಅಜ್ಜನ ಮನೆ. 1986ನೆಯ ಇಸವಿಯ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. 2005ರ ಮೇ 31ರಂದು 'ಐಎನ್ಎಸ್ ಕದಂಬ' ಅಲ್ಲಿ ಕಾರ್ಯಾರಂಭ ಮಾಡಿತು. ಈ ನಡುವಿನ ವರ್ಷಗಳಲ್ಲಿ ಕಡಲ ದಂಡೆಯ ಊರೂರುಗಳು ಎದ್ದು ಬೇರೆ ಕಡೆ ಕುಳಿತವು. ದೇಶಕ್ಕೆ ಬಂದರು ಬೇಕಾಗಿತ್ತು, ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಅಜ್ಜನ ಮನೆಯ ನೆಲಕ್ಕೆ ಈಗ ಹೋಗುವಂತಿಲ್ಲ ಎಂದಷ್ಟೇ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಆ ಪುಣ್ಯಾತ್ಮನಿಗೆ ಬೂದಿಯಾದರೂ ಕಣ್ಣಿಗೆ ಕಾಣುತ್ತಿತ್ತು. ನಮ್ಮದಕ್ಕೆ ನೆನಪೊಂದೇ ಆಧಾರ.

ಇಸವಿಯನ್ನು 1954 ಎಂದು ಗೊತ್ತುಮಾಡಿದೆ. ಅದಕ್ಕೆ ಕಾರಣ ಇಷ್ಟೆ. ಆಗ ನಮ್ಮ ತಾಯಿಗೆ ಹತ್ತು ವರ್ಷ. ಎಲ್ಲವನ್ನೂ ಕಂಡು ನೆನಪಿಟ್ಟುಕೊಳ್ಳುವ ವಯಸ್ಸು. ನಮ್ಮ ಜಿಲ್ಲೆ ಆಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡ ನಾಡು ಒಂದಾಗಲು 1956ರ ನವೆಂಬರ್ ಬರಬೇಕಾಗಿತ್ತು. ಅರಗಾದ ದಂಡೆಯಲ್ಲಿ ನಿಂತರೆ ಕಣ್ಣೆದುರಿಗೆ ಕಾಣುವ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದು ನಮ್ಮದಾದದ್ದು 1961ರ ಡಿಸೆಂಬರಿನಲ್ಲಿ. ಈಗ ಆ ದ್ವೀಪಕ್ಕೂ ದಂಡೆಗೂ ನೌಕಾನೆಲೆಯ ಅಲೆತಡೆಯ ಗೋಡೆಯೇ ಸೇತುವೆ. ಹೀಗೆ ಎಲ್ಲವೂ ಬದಲಾಗುವ ಮುಂಚಿನ ಒಂದು ಗಳಿಗೆಯನ್ನು ಹಿಡಿಯಬೇಕೆಂಬ ಆಸೆ ನನ್ನದು.

ಆಧಾರಗಳಿಗಾಗಿ ಮೊದಲು ಪುಸ್ತಕಗಳ ಮೊರೆ ಹೊಕ್ಕೆ. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಹದಿನೈದನೆಯ ಸಂಪುಟ ನಮ್ಮ ಜಿಲ್ಲೆಯದು. ಅದರಲ್ಲಿ ಯಾವ ಯಾವ ಜಾತಿಯವರು ಎಂತಹ ಮನೆಯಲ್ಲಿರುತ್ತಾರೆ, ಏನು ಉಣ್ಣುತ್ತಾರೆ, ಏನು ಉಡುತ್ತಾರೆ ಎಂದೆಲ್ಲ ಬರೆದಿದೆ. ಆದರೆ ಗೆಜೆಟಿಯರು ಬರೆದ ಸಾಹೇಬರಿಗೆ ನಮ್ಮ ಅಜ್ಜನ ಮನೆಯ ಬಚ್ಚಲು ಯಾವ ದಿಕ್ಕಿಗಿತ್ತು ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಎರಡನೆಯ ಆಧಾರವನ್ನು ಕುರ್ಚಿ ಸಮೇತ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ. ನಮ್ಮ ಮನೆಮಾತಿನಲ್ಲಿ ನಾವು ಆಕೆಯನ್ನು ಆಯಿ ಎಂದು ಕರೆಯುತ್ತೇವೆ. ಎಂಬತ್ತು ದಾಟಿದ್ದಾಳೆ. ಮೂವತ್ತು ಚಿಲ್ಲರೆ ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಈಗಲೂ ನನ್ನ ಕಾಗುಣಿತ ತಿದ್ದುತ್ತಾಳೆ. ಕಣ್ಣು ಸ್ವಲ್ಪ ಮಂಜು, ನೆನಪು ಮಾತ್ರ ನಿಚ್ಚಳ.

ಮೊದಲ ತಪ್ಪು ಮಾಡಿನಲ್ಲೇ ಸಿಕ್ಕಿತು. ನಾನು ಎಳೆಯನಾಗಿದ್ದಾಗ ಕಂಡದ್ದು ಹಂಚಿನ ಮನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರಖಾನೆ ಆರಂಭಿಸಿದ್ದು 1865ರಲ್ಲಿ. ಆದ್ದರಿಂದ 1954ರಲ್ಲಿ ಹಂಚು ಇದ್ದೇ ಇರುತ್ತದೆ ಎಂದು ಇತಿಹಾಸದ ಬಲದಿಂದ ತೀರ್ಮಾನಿಸಿ ಕೆಂಪು ಮಾಡು ಹೊದಿಸಿದ್ದೆ. ಆಯಿ ನಕ್ಕಳು. "ಹಂಚು ಮಂಗಳೂರಿನಲ್ಲಿತ್ತು ಮಗಾ, ನಮ್ಮ ಮನೆಯ ಮೇಲಿರಲಿಲ್ಲ. ಅದು ಬಂದದ್ದು ನನ್ನ ಮದುವೆಯ ವರ್ಷ. ಅಲ್ಲಿಯವರೆಗೆ ಹೆಣೆದ ಮಡಲು, ಮಳೆಗಾಲಕ್ಕೆ ಮುಂಚೆ ಹೊಸ ಹೊದಿಕೆ." ಒಂದು ವಸ್ತು ಲೋಕದಲ್ಲಿ ಇತ್ತು ಎಂಬುದಕ್ಕೂ ಅದು ನಮ್ಮ ಮನೆಯಲ್ಲಿ ಇತ್ತು ಎಂಬುದಕ್ಕೂ ನಡುವೆ ಎಷ್ಟು ದೂರ! ಪಠ್ಯಪುಸ್ತಕದಲ್ಲಿ ನಾನು ಕಲಿಸಿದ ಎಷ್ಟೋ 'ಪ್ರಗತಿ'ಗಳು ಹೀಗೆಯೇ ಮಂಗಳೂರಿನಲ್ಲಿ ಉಳಿದು ಅರಗಾಕ್ಕೆ ಬಂದಿರಲಿಲ್ಲವೇನೋ. ಆಟಗಾರರೇ ತಯಾರಿಸಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಸಾಮಾನುಗಳ ಭಂಡಾರವೊಂದಿದೆ. ಅದರಲ್ಲಿ ಹುಡುಕಿ ಒಂದು ಹುಲ್ಲಿನ ಮಾಡು ತಂದು ಹೊದಿಸಿದೆ. ಮಡಲಲ್ಲ, ಆದರೂ ಹತ್ತಿರದ್ದು.

ಎರಡನೆಯದು ಹಣ. ಆಟ ಆರಂಭವಾಗುವಾಗ ಸಂಸಾರದ ಕೈಗೆ ಅಲ್ಲಿಯ ನಾಣ್ಯ ಕಡಿಮೆಯೆಂದರೂ ಇಪ್ಪತ್ತು ಸಾವಿರ ಕೊಡುತ್ತಾರೆ. ಅದನ್ನು ಕೇಳಿ ಆಯಿಗೆ ತಡೆಯಲಾರದ ನಗು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲ ಅದು. ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ಕ್ಕೆ. ಹಣವನ್ನು ಸೊನ್ನೆಗೆ ಇಳಿಸುವ ಉಪಾಯ ಆಟದಲ್ಲಿದೆ, ಇಳಿಸಿದೆ. ಆಗ ಬೇರೊಂದು ತೊಡಕು ಬಂತು. ಆಟದ ಲೋಕದಲ್ಲಿ ಪ್ರತಿಯೊಂದನ್ನೂ ಕೊಳ್ಳಬೇಕು. ಅಜ್ಜನ ಮನೆಯಲ್ಲಿ ಕೊಳ್ಳುತ್ತಿದ್ದದ್ದು ಚಿಮಣಿ ಎಣ್ಣೆ, ಬಟ್ಟೆ, ಉಪ್ಪು, ಬೆಲ್ಲ, ಇಷ್ಟೆ. ಅಕ್ಕಿ ಗದ್ದೆಯದು, ಕಾಯಿ ಮರದ್ದು, ಮೀನು ದಂಡೆಯದು. ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಬೇಸಗೆಯಲ್ಲಿ ಒಣಗಿಸಿಟ್ಟ ಮೀನು. ಬಡತನ ಹೌದೆ ಎಂದು ಕೇಳಿದರೆ ಆಯಿ ಒಪ್ಪುವುದಿಲ್ಲ. ಸಿರಿವಂತಿಕೆಯೆ ಎಂದರೆ ಅದಕ್ಕೂ ಒಪ್ಪುವುದಿಲ್ಲ. ಆಟದ ಪಟ್ಟಿಯಲ್ಲಿ ಅದಕ್ಕೆ ಬಣ್ಣವಿಲ್ಲ.

ಹೀಗೆ ದಿನಕ್ಕೊಂದು ತಿದ್ದುಪಡಿ. ರಾತ್ರಿ ಕೋಣೆ ಬೆಳಕಾಗಿ ಕಾಣುತ್ತಿತ್ತು; ಆಯಿ, "ಅಷ್ಟು ಕಾಣುತ್ತಿರಲಿಲ್ಲ. ಬುಡ್ಡಿ ದೀಪದಲ್ಲಿ ಎದುರಿನವರ ಮುಖ ಕಾಣುತ್ತಿತ್ತು, ಗೋಡೆ ಕಾಣುತ್ತಿರಲಿಲ್ಲ" ಎಂದಳು. ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದಿದ್ದೆ. ಅದರ ಮೇಲೆ ಬಿಳಿಯ ಕಲೆಗಳಿರಬೇಕು ಎಂದಳು. ಏನು ಕಲೆ? ಮಲೇರಿಯಾ ಸೊಳ್ಳೆಗೆ ಸಿಂಪಡಿಸಿದ ಔಷಧದ್ದು. ಇದು ನನಗೆ ಪುಸ್ತಕದಿಂದ ಗೊತ್ತಿದ್ದ ವಿಷಯ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1953ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲೇ ನಮ್ಮ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಡಿಡಿಟಿಯ ಪ್ರಯೋಗ ನಡೆದಿತ್ತು. ಆದರೆ ಅದು ಗೋಡೆಯ ಮೇಲೆ ಬಿಳಿಯ ಕಲೆಯಾಗಿ ಒಬ್ಬ ಹುಡುಗಿಯ ಕಣ್ಣಿನಲ್ಲಿ ಉಳಿದಿರಬಹುದೆಂದು ನಾನು ಎಣಿಸಿರಲಿಲ್ಲ.

ಬಾಗಿಲಿನ ವಿಷಯದಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆಟದಲ್ಲಿ ನೆರೆಯವರು ಬಂದು ಬಾಗಿಲು ಬಡಿದರೆ ಒಳಗೆ ಕರೆಯಬಹುದು. ಕರೆದ ಮೇಲೆ ಅವರು ಸಲಿಗೆಯಿಂದ ಅಡುಗೆಮನೆಯವರೆಗೂ ಹೋಗುತ್ತಾರೆ. ಅಜ್ಜನ ಮನೆಗೆ ಭತ್ತ ಕುಟ್ಟಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಬೊಂಬೆಯನ್ನೂ ಮಾಡಿದ್ದೆ. ಅವಳು ನೇರವಾಗಿ ಒಳಗೆ ನಡೆದು ಒಲೆಯ ಬಳಿ ಕುಳಿತಳು. ಆಯಿ ಮೆಲ್ಲನೆ, "ಅವಳು ಒಳಗೆ ಬರುತ್ತಿರಲಿಲ್ಲ. ಅಂಗಳದಲ್ಲೇ ಕುಟ್ಟುತ್ತಿದ್ದಳು. ಗಂಜಿ ಅಲ್ಲಿಗೇ ಕೊಡುತ್ತಿದ್ದೆವು, ಎತ್ತರದಿಂದ" ಎಂದಳು. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ರದ್ದು ಮಾಡಿತ್ತು. ಅದನ್ನು ಆಚರಿಸುವವರನ್ನು ದಂಡಿಸುವ ಕಾಯಿದೆ ಬಂದದ್ದು 1955ರಲ್ಲಿ. ನಮ್ಮ ಆಟ ಅವೆರಡರ ನಡುವಿನ ವರ್ಷದ್ದು. ನಿಖರತೆ ಬೇಕೆಂದು ಹಟ ಹಿಡಿದವನು ನಾನೇ. ಆದ್ದರಿಂದ ನನ್ನ ಕೈಯಿಂದಲೇ ಆ ಬಾಗಿಲಿಗೆ ಬೀಗ ಹಾಕಿ, ಆ ಬೊಂಬೆಯನ್ನು ಅಂಗಳದಲ್ಲಿ ನಿಲ್ಲಿಸಬೇಕಾಯಿತು. ಮಾಡಿನ ಹಂಚು ತೆಗೆಯುವಾಗ ಇಲ್ಲದ ಸಂಕೋಚ ಇಲ್ಲಿ ಬಂತು. ಹಳೆಯ ಕಾಲವನ್ನು ಹಾಗೆಯೇ ಕಟ್ಟುತ್ತೇನೆ ಎನ್ನುವವನು ಹಳೆಯ ಕಾಲದ ತಪ್ಪನ್ನೂ ತನ್ನ ಕೈಯಾರೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಕಂಬಕ್ಕೆ ಕಂಬ ಹೊಂದಿಸಿ, ಮತ್ತೆ ನಿಲ್ಲಿಸಿದ್ದನ್ನು ನಾನು ನೋಡಿ ಬೆರಗಾಗಿದ್ದೇನೆ. ಆದರೆ ಕಂಬಗಳನ್ನು ನಿಲ್ಲಿಸಿದರೆ ಮನೆ ಮಾತ್ರ ಬರುತ್ತದೆ. ಜನರನ್ನು ನಿಲ್ಲಿಸಿದರೆ ಯಾರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೂ ಬರುತ್ತದೆ.

ಇಷ್ಟಾದ ಮೇಲೆ ಮನೆ ಸುಮಾರಾಗಿ ಸಿದ್ಧವಾಯಿತು. ಅಜ್ಜ, ಅಜ್ಜಿ, ಹತ್ತು ವರ್ಷದ ಆಯಿ, ಆರು ವರ್ಷದ ಚಿಕ್ಕಮ್ಮ. ಮಾಡಿದ ಮನೆಯನ್ನು ಆಯಿ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ತೊಟ್ಟಿಲೆಲ್ಲಿ?"

ಯಾರ ತೊಟ್ಟಿಲು ಎಂದು ನಾನು ಕೇಳಿದೆ. ನನಗೆ ತಿಳಿದಂತೆ ಅಜ್ಜಿಗೆ ಎರಡೇ ಮಕ್ಕಳು, ಎರಡೂ ಹೆಣ್ಣು. "ತಮ್ಮನದು" ಎಂದಳು ಆಯಿ. "ಆ ವರ್ಷದ ಮಳೆಗಾಲದಲ್ಲಿ ಹುಟ್ಟಿದ. ಒಂಬತ್ತು ತಿಂಗಳು ಇದ್ದ." ಅರುವತ್ತು ವರ್ಷ ಆಕೆಯ ಮಗನಾಗಿ ಬದುಕಿದ ನನಗೆ ಒಬ್ಬ ಸೋದರಮಾವ ಇದ್ದ ಸಂಗತಿ ಅಂದು ತಿಳಿಯಿತು. ನಾನು ಹೆಚ್ಚು ಕೇಳಲಿಲ್ಲ. ಆಟದ ಭಂಡಾರದಲ್ಲಿ ಸಿಕ್ಕ ಒಂದು ತೊಟ್ಟಿಲನ್ನು ನಡುಮನೆಯಲ್ಲಿರಿಸಿ, ಅದರಲ್ಲಿ ಒಂದು ಶಿಶುವನ್ನು ಮಲಗಿಸಿದೆ.

ಶಿಶುಗಳ ವಿಷಯದಲ್ಲಿ ಈ ಆಟಕ್ಕೆ ಅಪಾರ ದಯೆ. ದೊಡ್ಡವರು ಹಸಿವಿನಿಂದಲೋ ಬೆಂಕಿಯಿಂದಲೋ ಸಾಯಬಹುದು, ಶಿಶು ಸಾಯುವುದಿಲ್ಲ. ತೀರ ಅಲಕ್ಷಿಸಿದರೆ ಅದನ್ನು ಮನೆಯಿಂದ ಒಯ್ಯುತ್ತಾರೆ, ಅಷ್ಟೆ. 'ದಶಕಗಳ ಪಂಥ'ದವರು ಇದು ಚರಿತ್ರೆಗೆ ಒಗ್ಗದ ದಯೆ ಎಂದು ಕಂಡುಕೊಂಡು ಒಂದು ಉಪಾಯ ಮಾಡಿದ್ದಾರೆ. ಮಗು ಹುಟ್ಟಿದಾಗ ಆಟಗಾರ ತನ್ನ ಮೇಜಿನ ಮೇಲೆ ದಾಳ ಉರುಳಿಸುತ್ತಾನೆ. ಆ ಕಾಲದ ಮರಣದ ಲೆಕ್ಕಕ್ಕೆ ಹೊಂದುವ ಸಂಖ್ಯೆ ಬಿದ್ದರೆ ಆ ಮಗುವನ್ನು ಸಂಸಾರದಿಂದ ತೆಗೆದುಬಿಡಬೇಕು. ನಮ್ಮ ದೇಶದಲ್ಲಿ 1951ರ ಸುಮಾರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 146 ಮೊದಲ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು ಎಂದು ಅಂದಾಜು. ಏಳಕ್ಕೆ ಒಂದು. ನಮ್ಮ ಮನೆಯ ದಾಳ ಎಪ್ಪತ್ತು ವರ್ಷಗಳ ಹಿಂದೆಯೇ ಉರುಳಿ ಮುಗಿದಿತ್ತು. ನಾನು ಉರುಳಿಸುವ ಪ್ರಮೇಯವಿರಲಿಲ್ಲ. ಆದರೂ ಆ ಗುಂಡಿಯನ್ನು ಒತ್ತಲು ಕೈ ಬರಲಿಲ್ಲ. ಇಡೀ ಮನೆಯಲ್ಲಿ ಒಂದು ಸುಳ್ಳು ಇದ್ದರೆ ಯಾರಿಗೆ ನಷ್ಟ ಎಂದುಕೊಂಡು ಮಗುವನ್ನು ಉಳಿಸಿದೆ.

ಮರುದಿನ ಬೆಳಿಗ್ಗೆ ಆಯಿ ಬಂದು ಕುಳಿತಾಗ ಆಟದಲ್ಲಿಯೂ ಬೆಳಗಾಗಿತ್ತು. ಗಂಟೆ ಎಂಟಾದೊಡನೆ ಹತ್ತು ವರ್ಷದ ಹುಡುಗಿ ತಾನಾಗಿಯೇ ಎದ್ದು ಶಾಲೆಗೆ ಹೊರಟಳು. ಆ ಆಟದಲ್ಲಿ ಮಕ್ಕಳೆಲ್ಲ ಹಾಗೆಯೇ. ಹೋಗು ಎನ್ನಬೇಕಾಗಿಲ್ಲ, ಹೋಗದಂತೆ ತಡೆದರೆ ಅವರ ಅಂಕ ಇಳಿಯುತ್ತದೆ. ತೊಟ್ಟಿಲಲ್ಲಿ ಮಗು ಮಲಗಿತ್ತು. ಹುಡುಗಿ ಅಂಗಳ ದಾಟಿದಳು.

"ಇದು ತಪ್ಪು" ಎಂದಳು ಆಯಿ. "ಆ ವರ್ಷ ನಾನು ಶಾಲೆಗೆ ಹೋಗಲಿಲ್ಲ."

ಆಮೇಲೆ ಆಕೆ ಹೇಳಿದ್ದನ್ನು, ಆಕೆಯ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ತಮ್ಮ ಹುಟ್ಟಿದ ಮೇಲೆ, ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದ ಅಜ್ಜಿಗೆ ತೊಟ್ಟಿಲು ತೂಗಲು ಒಬ್ಬರು ಬೇಕಾದರು. ಮೂರನೆಯ ಇಯತ್ತೆ ಮುಗಿಸಿದ್ದ ಹಿರಿಯ ಮಗಳನ್ನು ಶಾಲೆಯಿಂದ ಬಿಡಿಸಿದರು. ಇದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. 1951ರ ಜನಗಣತಿಯಂತೆ ದೇಶದ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಒಂಬತ್ತು ಜನ ಕೂಡ ಇರಲಿಲ್ಲ. ಹುಡುಗಿ ತೊಟ್ಟಿಲು ತೂಗುತ್ತ ಕುಳಿತಳು. ಶಾಲೆಯ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವ ಧ್ವನಿ ಗಾಳಿಯ ದಿಕ್ಕು ನೋಡಿಕೊಂಡು ಮನೆಯವರೆಗೆ ಬರುತ್ತಿತ್ತು. "ದೇವರೇ, ನನ್ನನ್ನು ಮತ್ತೆ ಶಾಲೆಗೆ ಕಳಿಸುವ ಹಾಗೆ ಮಾಡು ಎಂದು ದಿನಾ ತುಳಸಿಯ ಮುಂದೆ ಕೇಳಿಕೊಳ್ಳುತ್ತಿದ್ದೆ. ಹೇಗೆ ಅಂತ ಕೇಳಿಕೊಳ್ಳಲಿಲ್ಲ" ಎಂದಳು ಆಯಿ. ಬೇಸಗೆಯಲ್ಲಿ ಮಗುವಿಗೆ ಜ್ವರ ಬಂತು, ಬೇಧಿ ಹಿಡಿಯಿತು. ಮೂರು ದಿನ. ಮುಂದಿನ ಜೂನಿನಲ್ಲಿ ಅಜ್ಜ ಆಕೆಯ ಕೈ ಹಿಡಿದು ಶಾಲೆಗೆ ಕರೆದೊಯ್ದು ಬಿಟ್ಟರು. ಆಕೆ ಓದಿದಳು, ಮುಲ್ಕಿ ಪರೀಕ್ಷೆ ಕಟ್ಟಿದಳು, ಶಿಕ್ಷಕಿಯಾದಳು. "ಅವನು ಉಳಿದಿದ್ದರೆ ನಾನು ಓದುತ್ತಿರಲಿಲ್ಲ. ನೀನು ಮಗುವನ್ನೂ ಉಳಿಸಿ ನನ್ನನ್ನೂ ಶಾಲೆಗೆ ಕಳಿಸಿದ್ದೀಯ. ಹಾಗೆ ಎರಡೂ ನಮ್ಮ ಮನೆಯಲ್ಲಿ ಇರಲಿಲ್ಲ."

ನಾನು ಏನು ಹೇಳಬೇಕಾಗಿತ್ತೋ ತಿಳಿಯದು. ಮಾಸ್ತರನಾದವನಿಗೆ ತಿಳಿದದ್ದನ್ನೇ ಹೇಳಿದೆ. ಸಾವಿರಕ್ಕೆ ನೂರ ನಲವತ್ತಾರು ಎಂಬ ಲೆಕ್ಕ ಹೇಳಿದೆ. ಆ ಲೆಕ್ಕ 2023ರ ಹೊತ್ತಿಗೆ ಇಪ್ಪತ್ತೈದಕ್ಕೆ ಇಳಿದದ್ದು ದೇವರು ಬದಲಾದದ್ದರಿಂದಲ್ಲ. ಲಸಿಕೆಯಿಂದ, ಶುದ್ಧ ನೀರಿನಿಂದ, ಔಷಧದಿಂದ, ತಾಯಂದಿರ ಓದಿನಿಂದ ಎಂದೆ. ಬೇಧಿಯಿಂದ ಒಣಗುವ ಮಗುವಿಗೆ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ ಬದುಕಿಸಬಹುದೆಂದು ಡಾಕ್ಟರ್ ದಿಲೀಪ್ ಮಹಲನೋಬಿಸರು ಬಂಗಾಳದ ಗಡಿಯ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು 1971ರಲ್ಲಿ. ನಿನ್ನ ತಮ್ಮನಿಗೆ ಹದಿನಾರು ವರ್ಷ ತಡವಾಯಿತು ಎಂದೆ. ಅದೂ ಎಂತಹ ಕಡೆ! ಸಾಣಿಕಟ್ಟೆಯ ಉಪ್ಪಿನ ಆಗರಗಳಿರುವ ಕರಾವಳಿಯಲ್ಲಿ, ಅಂಕೋಲೆಯ ಜನ 1930ರಲ್ಲಿ ಉಪ್ಪಿಗಾಗಿ ಸರಕಾರವನ್ನೇ ಎದುರು ಹಾಕಿಕೊಂಡ ನೆಲದಲ್ಲಿ, ಒಂದು ಚಿಟಿಕೆ ಉಪ್ಪು ಹೇಗೆ ಬಳಸಬೇಕೆಂದು ತಿಳಿಯದೆ ಮಕ್ಕಳು ಹೋದವು. ಇದರಲ್ಲಿ ತುಳಸಿಯ ಮುಂದೆ ನಿಂತ ಹತ್ತು ವರ್ಷದ ಹುಡುಗಿಯ ಪಾತ್ರವೇನು?

ಆಯಿ ಸುಮ್ಮನೆ ಕೇಳಿದಳು. ಕೊನೆಗೆ, "ಲೆಕ್ಕ ಸರಿಯಿರಬಹುದು. ಆದರೆ ಕೇಳಿಕೊಂಡವಳು ನಾನೇ ತಾನೆ" ಎಂದು ಎದ್ದು ಒಳಗೆ ಹೋದಳು. ನನ್ನ ಅಂಕಿಸಂಖ್ಯೆಗಳು ಮೇಜಿನ ಮೇಲೆ ಹಾಗೆಯೇ ಉಳಿದವು.

ಅಂದು ಸಂಜೆ ನಾನು ಒಬ್ಬನೇ ಕುಳಿತು, ಮಾಡಬೇಕಾದದ್ದನ್ನು ಮಾಡಿದೆ. ಮಗುವನ್ನು ಸಂಸಾರದಿಂದ ತೆಗೆದೆ. ಆಟ ಒಮ್ಮೆ 'ಖಂಡಿತವೆ?' ಎಂದು ಕೇಳಿತು. ತೊಟ್ಟಿಲನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ ಹಾಗೆಯೇ ಬಿಟ್ಟೆ.

ನಾಲ್ಕು ದಿನ ಆಯಿ ಆ ಕೋಣೆಯ ಕಡೆ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿರುವಾಗ, ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು: "ಸಾವಿರಕ್ಕೆ ಎಷ್ಟು ಅಂದಿದ್ದೆ ನೀನು?"

"ನೂರ ನಲವತ್ತಾರು."

"ಹಾಗಾದರೆ ನಮ್ಮ ಅರಗಾದಲ್ಲೇ ಎಷ್ಟು ಮನೆಯಲ್ಲಿ ಆಗಿರಬೇಕು" ಎಂದಳು. ಆಮೇಲೆ ಒಂದೊಂದೇ ಮನೆಯನ್ನು ನೆನಪಿಗೆ ತಂದುಕೊಂಡು ಬೆರಳು ಮಡಿಸತೊಡಗಿದಳು. ಬಾವಿಯ ಆಚೆಯ ಮನೆ, ದೇವಸ್ಥಾನದ ಹಿಂದಿನ ಮನೆ, ದಂಡೆಯ ಮೇಲಿನ ಎರಡು ಮನೆ. ಭತ್ತ ಕುಟ್ಟುವವಳ ಗುಡಿಸಲಿನಲ್ಲಿ ಮೂರು. ಎರಡು ಕೈಯ ಬೆರಳೂ ಮುಗಿದವು. ಅಷ್ಟು ಮನೆಗಳ ಅಕ್ಕಂದಿರೆಲ್ಲ ತುಳಸಿಯ ಮುಂದೆ ಏನನ್ನೋ ಕೇಳಿಕೊಂಡಿರಲಾರರು ಎಂದು ನಾನು ಹೇಳಬೇಕೆಂದಿದ್ದೆ, ಹೇಳಲಿಲ್ಲ. ಲೆಕ್ಕವನ್ನು ಆಕೆಯೇ ಮಾಡುತ್ತಿದ್ದಳು.

ಇತಿಹಾಸದಲ್ಲಿ ನಿಖರತೆ ಏಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಇಸವಿ ಒಂದೆರಡು ಆಚೀಚೆಯಾದರೆ ಏನು ಮುಳುಗಿತು, ಸರ್? ನಾನು ಪರೀಕ್ಷೆಯ ಅಂಕದ ಬೆದರಿಕೆ ಹಾಕಿ ಸುಮ್ಮನಾಗಿಸುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಬೇರೆ ಉತ್ತರ ಕೊಡುತ್ತೇನೆ. ಮಾಡು ಹಂಚಿನದೋ ಮಡಲಿನದೋ ಎಂಬುದು ತಪ್ಪಾದರೆ ಹೆಚ್ಚೇನೂ ಕೆಡುವುದಿಲ್ಲ. ಆದರೆ ಒಂದು ಕಾಲದ ಹೊರೆಯನ್ನು ಆ ಕಾಲದ ಮೇಲೆ ಇರಿಸದಿದ್ದರೆ ಅದು ಯಾರೋ ಒಬ್ಬರ ತಲೆಯ ಮೇಲೆ ಕುಳಿತುಬಿಡುತ್ತದೆ. ಒಮ್ಮೊಮ್ಮೆ ಒಬ್ಬ ಹತ್ತು ವರ್ಷದ ಹುಡುಗಿಯ ತಲೆಯ ಮೇಲೆ, ಎಪ್ಪತ್ತು ವರ್ಷ. ನಾನು ದಯೆಯೆಂದು ಹೇಳಿದ ಸುಳ್ಳು ಅದನ್ನು ಇಳಿಸಲಿಲ್ಲ. ಇಳಿಯುವುದಾದರೆ ಸರಿಯಾದ ಲೆಕ್ಕದಿಂದ, ಅದೂ ನಿಧಾನವಾಗಿ, ಇಳಿಯಬೇಕು.

ಚಹಾ ಮುಗಿಸಿ ಆಯಿ ಕಂಪ್ಯೂಟರಿನ ಮುಂದೆ ಬಂದು ಕುಳಿತಳು. ಖಾಲಿ ತೊಟ್ಟಿಲು ನಡುಮನೆಯಲ್ಲಿಯೇ ಇತ್ತು. "ಅದನ್ನು ಅಟ್ಟಕ್ಕೆ ಹಾಕು. ಅಪ್ಪ ಹಾಗೆಯೇ ಮಾಡಿದ್ದು" ಎಂದಳು. ಹಾಕಿದೆ. "ಬಾಗಿಲ ಹತ್ತಿರ ಒಂದು ಪಾಟಿ ಇಡು." ಆಟದ ಭಂಡಾರದಲ್ಲಿ ಪಾಟಿ ಸಿಗಲಿಲ್ಲ, ಕಪ್ಪು ಚೌಕಟ್ಟಿನ ಒಂದು ಚಿಕ್ಕ ಚಿತ್ರಪಟವನ್ನು ಅದರ ಬದಲಿಗೆ ಗೋಡೆಗೆ ಒರಗಿಸಿದೆ. ಆಯಿ ಅದನ್ನು ದಿಟ್ಟಿಸಿ ನೋಡಿ, ಪಾಟಿಯ ಮೂಲೆ ಸ್ವಲ್ಪ ಒಡೆದಿತ್ತು, ಆದರೆ ಅಷ್ಟು ಇರಲಿ ಬಿಡು, ಎಂದಳು.

ಗಂಟೆ ಎಂಟಾಯಿತು. ಹುಡುಗಿ ಎದ್ದು ಹೊರಟಳು. ನಾವಿಬ್ಬರೂ ಆಕೆ ಅಂಗಳ ದಾಟುವುದನ್ನು ನೋಡುತ್ತ ಕುಳಿತೆವು.